ಸ್ಟ್ಯಾಂಡಿಲ್ಲದ ಸೈಕಲ್, ಜಾಗವಿಲ್ಲದ ಸವಾರ

ನಿವೃತ್ತನಾದ ಮೂರನೆಯ ವರ್ಷ ನಾನೊಂದು ಸೈಕಲ್ ಕೊಂಡೆ. ತೆಳು ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಸಾಲುಸಾಲು ಗೇರುಗಳಿರುವ ‘ರೋಡ್ ಬೈಕ್’ ಎಂಬ ಜಾತಿಯದು. ಮೈಗಂಟಿದ ಹಳದಿ ಅಂಗಿ, ಮೊಣಕಾಲಿನ ಮೇಲಕ್ಕೇ ಮುಗಿದುಹೋಗುವ ಕಪ್ಪು ಚಡ್ಡಿ, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಬಣ್ಣದ ಕನ್ನಡಕ ಧರಿಸಿ ಧಾರವಾಡದಿಂದ ಹೊರಟು ಹುಟ್ಟೂರಾದ ಮುಗದದ ಚಹಾದಂಗಡಿಯ ಮುಂದೆ ಇಳಿದ ಮೊದಲ ಭಾನುವಾರ, ಕಟ್ಟೆಯ ಮೇಲೆ ಕುಳಿತಿದ್ದವರಲ್ಲಿ ಒಬ್ಬರು ನಿಜವಾದ ಕಳವಳದಿಂದಲೇ ಕೇಳಿದರು: “ಏನ್ರಿ ಸಾಹೇಬ್ರ, ಪೆನ್ಶನ್ ನಿಂತೈತೇನ್ರಿ?”

ಇನ್ನೊಬ್ಬರು ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿ ಬೆಲೆ ವಿಚಾರಿಸಿದರು. ಎಪ್ಪತ್ತೆಂಟು ಸಾವಿರ ಎಂದೆ. ಅವರು ಬೆರಳು ಮಡಿಸುತ್ತ ಎಣಿಸತೊಡಗಿದರು. “ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ, ಗಂಟೀನೂ ಇಲ್ಲ. ಎಲ್ಲಾ ತಗದ ಮ್ಯಾಲೂ ಇಷ್ಟ ರೊಕ್ಕ ಅಂದ್ರ, ಎಲ್ಲಾ ಹಾಕಿ ಕೊಟ್ರ ಎಷ್ಟಾಕ್ಕೈತ್ರಿ?” ಕಟ್ಟೆಯೆಲ್ಲ ನಕ್ಕಿತು. ನಾನೂ ನಕ್ಕೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನನ್ನ ಬಳಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಉತ್ತರ ಇದೆ, ಆದರೆ ಅದನ್ನು ಚಹಾದಂಗಡಿಯ ಮುಂದೆ ಹೇಳುವುದು ಕಷ್ಟ. ಥಾರ್‌ಸ್ಟೀನ್ ವೆಬ್ಲೆನ್ 1899ರಲ್ಲಿ ‘ಪ್ರದರ್ಶನಾತ್ಮಕ ಅನುಭೋಗ’ವೆಂದು ಯಾವುದನ್ನು ಕರೆದರೋ ಅದರ ತಲೆಕೆಳಗಾದ ರೂಪವಿದು. ಇಲ್ಲಿ ಹಣ ಕೊಡುವುದು ಇರುವುದಕ್ಕಲ್ಲ, ಇಲ್ಲದಿರುವುದಕ್ಕೆ. ಇನ್ನೂರು ಗ್ರಾಂ ತೂಕ ಕಡಿಮೆಯಾಗಲೆಂದು ಹಲವು ಸಾವಿರ ರೂಪಾಯಿಯ ಚಕ್ರ ಕೊಳ್ಳುವ ಗೃಹಸ್ಥರು, ಅದರ ಹತ್ತು ಪಟ್ಟು ತೂಕವನ್ನು ಸೊಂಟದ ಸುತ್ತಲೇ ಹೊತ್ತು ತಿರುಗುತ್ತಿರುತ್ತಾರೆ. ಅವರಲ್ಲಿ ನಾನೂ ಒಬ್ಬ.

ನಮ್ಮನ್ನು ಗೇಲಿ ಮಾಡಲು ಹೊರಗಿನವರು ಬೇಕಿಲ್ಲ. ಈ ಹವ್ಯಾಸದವರಲ್ಲಿ ಜಗತ್ತಿನಾದ್ಯಂತ ಚಾಲ್ತಿಯಲ್ಲಿರುವ ಒಂದು ಸೂತ್ರವಿದೆ: ಒಬ್ಬನ ಬಳಿ ಇರಬೇಕಾದ ಸೈಕಲ್‌ಗಳ ಸರಿಯಾದ ಸಂಖ್ಯೆ, ಈಗಿರುವುದಕ್ಕಿಂತ ಒಂದು ಹೆಚ್ಚು. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಇಷ್ಟು ಸಂಕ್ಷಿಪ್ತವಾಗಿ ಧಿಕ್ಕರಿಸಿದ ಇನ್ನೊಂದು ಹೇಳಿಕೆಯನ್ನು ನಾನು ಕಂಡಿಲ್ಲ. ಅದಕ್ಕೆ ಗರಿಷ್ಠ ಮಿತಿಯೂ ಉಂಟು: ಎಷ್ಟು ಸೈಕಲ್ ತಂದರೆ ಹೆಂಡತಿ ಮನೆ ಬಿಟ್ಟು ಹೋಗುತ್ತಾಳೋ ಅದಕ್ಕಿಂತ ಒಂದು ಕಡಿಮೆ. ನಮ್ಮ ಮನೆಯಲ್ಲಿ ಆ ಮಿತಿ ಎರಡಕ್ಕೇ ಇರುವುದರಿಂದ ಎರಡೂ ಸೂತ್ರಗಳು ಒಂದರಲ್ಲಿಯೇ ಕೂಡಿಕೊಂಡಿವೆ. ಬ್ರಿಟನ್ನಿನ ಮಾರುಕಟ್ಟೆ ಸಮೀಕ್ಷಕರು 2010ರ ಸುಮಾರಿಗೆ ಬಿಗಿ ಬಟ್ಟೆ ತೊಟ್ಟು ಸೈಕಲ್ ಹತ್ತಿದ ನಡುವಯಸ್ಸಿನ ಗಂಡಸರಿಗೆ ‘ಮ್ಯಾಮಿಲ್’ ಎಂದು ಹೆಸರಿಟ್ಟರು, ಯಾವುದೋ ಸಸ್ತನಿಯ ಹೊಸ ಪ್ರಭೇದ ಸಿಕ್ಕಿತೆಂಬಂತೆ. ನಮ್ಮೂರಿನ ಅಜ್ಜಿಯೊಬ್ಬಳು ಅಂಥ ಸಮೀಕ್ಷೆ ಏನೂ ಇಲ್ಲದೆ ಅದೇ ತೀರ್ಮಾನಕ್ಕೆ ಬಂದಳು: “ಈ ವಯಸ್ಸಿನ್ಯಾಗ ಚೊಣ್ಣ ಹಾಕ್ಕೊಂಡ ಹೊಂಟಾನಲ್ಲೋ ಯಪ್ಪಾ!”

ಫ್ರಾನ್ಸಿನಲ್ಲಿ ಹುಟ್ಟಿ ನಮ್ಮ ಹುಬ್ಬಳ್ಳಿಗೂ ಬಂದಿರುವ ‘ಬ್ರೆವೆ’ ಎಂಬ ದೂರದ ಸವಾರಿಗಳ ವಿಷಯವಂತೂ ಊರಿನಲ್ಲಿ ವಿವರಿಸುವುದೇ ಕಷ್ಟ. 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ, 600 ಕಿ.ಮೀ. ದೂರವನ್ನು 40 ಗಂಟೆಯೊಳಗೆ ಮುಗಿಸಬೇಕು. 1891ರಲ್ಲಿ ಪಂದ್ಯವಾಗಿ ಆರಂಭವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯಲ್ಲಿ ಇಂದಿನ ಹವ್ಯಾಸಿಗಳಿಗೆ ಸುಮಾರು 1200 ಕಿ.ಮೀ.ಗೆ 90 ಗಂಟೆಗಳ ಮಿತಿ. ಗೆದ್ದರೆ ಏನು ಕೊಡುತ್ತಾರೆ ಎಂದು ಕೇಳಿದರು. ಗೆಲ್ಲುವುದೆಂಬುದೇ ಇಲ್ಲ, ಮೊದಲ ಸ್ಥಾನ ಎರಡನೆಯ ಸ್ಥಾನ ಇಲ್ಲ, ಪದಕ ಬೇಕಿದ್ದರೆ ನಾವೇ ಹಣ ಕೊಟ್ಟು ಕೊಳ್ಳಬೇಕು ಎಂದೆ. ದಾರಿಯ ನಡುವೆ ಗೊತ್ತಾದ ಸ್ಥಳಗಳಲ್ಲಿ ಕಾರ್ಡಿಗೆ ಮೊಹರು ಹಾಕಿಸಿಕೊಳ್ಳಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಮೂವತ್ತು ವರ್ಷ ಮೊಹರಿಗಾಗಿ ಜನರನ್ನು ಬಾಗಿಲಲ್ಲಿ ನಿಲ್ಲಿಸಿದವನು ಈಗ ಬೆವರು ಸುರಿಸುತ್ತ ತಾನೇ ಮೊಹರಿಗೆ ಕೈ ಚಾಚುವುದರಲ್ಲಿರುವ ನ್ಯಾಯವನ್ನು ಅವರು ಬಹಳ ಬೇಗ ಕಂಡುಹಿಡಿಯುತ್ತಿದ್ದರು.

ಸೈಕಲ್ ಸವಾರನನ್ನು ಕಂಡು ನಗುವುದು ಸೈಕಲ್ಲಿನಷ್ಟೇ ಹಳೆಯದು. 1890ರ ದಶಕದಲ್ಲಿ ಇಂಗ್ಲೆಂಡಿನ ಕೆಲವು ವೈದ್ಯರು, ಸಮತೋಲನ ಕಾಯುವ ಆತಂಕದಿಂದ ಹೆಂಗಸರಿಗೆ ‘ಸೈಕಲ್ ಮುಖ’ ಎಂಬ ವಿಕಾರ ಅಂಟಿಕೊಳ್ಳುತ್ತದೆಂದು ಗಂಭೀರವಾಗಿಯೇ ಬರೆದರು. ಜೆರೋಮ್ ಕೆ. ಜೆರೋಮ್ 1900ರಲ್ಲಿ ಮೂವರು ಆಂಗ್ಲರ ಜರ್ಮನಿಯ ಸೈಕಲ್ ಪ್ರವಾಸವನ್ನೇ ಹಾಸ್ಯಗ್ರಂಥವಾಗಿಸಿದ. ಸರಿಯಿದ್ದ ಸೈಕಲ್ಲನ್ನು ಬಿಚ್ಚಿ ಹಾಳುಮಾಡುವ ಅದರೊಳಗಿನ ಮಹಾಶಯರು ಇಂದಿಗೂ ಪ್ರತಿ ಸವಾರರ ಗುಂಪಿನಲ್ಲಿ ಒಬ್ಬರಾದರೂ ಸಿಗುತ್ತಾರೆ. ನಮ್ಮಲ್ಲೇ ವಿಜಯಪುರ, ಬಾಗಲಕೋಟೆಗಳ ಕಡೆ ಕಥೆ ಬೇರೆ. ಅಲ್ಲಿನ ರೈತರ ಮಕ್ಕಳು ದಶಕಗಳಿಂದ ಸೈಕ್ಲಿಂಗಿನಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಆದ್ದರಿಂದ ಅಲ್ಲಿ ಬಿಗಿ ಚಡ್ಡಿ ನಗೆಯ ವಸ್ತುವಲ್ಲ, ಸಮವಸ್ತ್ರ.

ಮುಗದದ ನಗೆಗೆ ಇನ್ನೊಂದು ಕಾರಣವಿದೆ. ಅದು ತಿಳಿಯಲು ಹಿಂದೆ ಹೋಗಬೇಕು. ಎಪ್ಪತ್ತರ ದಶಕದಲ್ಲಿ ನಮ್ಮ ಮನೆಗೆ ಒಂದೇ ಸೈಕಲ್ಲು, ಅದು ನನ್ನ ಅಣ್ಣನ ಮದುವೆಯಲ್ಲಿ ಕೈಗಡಿಯಾರ, ರೇಡಿಯೊಗಳ ಜೊತೆ ಬಂದದ್ದು. ಅದರಲ್ಲಿಯೇ ನಾನು ಕಾಲೇಜಿಗೆ, ಆಮೇಲೆ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋಗಿಬಂದೆ. ರೈಲು ತಪ್ಪಿದ ದಿನ ಅದೇ ಗತಿ. ಮಳೆಗಾಲದಲ್ಲಿ ಎರೆಮಣ್ಣು ಮಡಗಾರ್ಡಿಗೆ ಮೆತ್ತಿಕೊಂಡು ಚಕ್ರ ತಿರುಗದಾದಾಗ, ಹೊತ್ತವನು ನಾನು, ಸವಾರಿ ಅದರದು. ಪಟ್ಟಣದ ಗಡಿ ದಾಟಿದರೆ ನಗರಸಭೆಯ ಸೈಕಲ್ ತೆರಿಗೆಯ ಬಿಲ್ಲೆ ಇದೆಯೇ ಎಂಬ ಭಯ, ಸಂಜೆಯಾದರೆ ದೀಪವಿಲ್ಲವೆಂದು ಪೊಲೀಸರು ಹಿಡಿಯುವ ಭಯ, ಗೆಳೆಯನನ್ನು ಕೂರಿಸಿಕೊಂಡರೆ ಡಬಲ್ ಸವಾರಿಯ ದಂಡ. ಆ ತಲೆಮಾರಿನ ಪಾಲಿಗೆ ಸೈಕಲ್ಲಿನಿಂದ ಇಳಿದು ಮೋಟಾರು ಸೈಕಲ್ ಹತ್ತುವುದೆಂದರೆ ಬಡತನದಿಂದಲೇ ಇಳಿದಂತೆ. ಅಷ್ಟು ಕಷ್ಟಪಟ್ಟು ಇಳಿದವರ ಕಣ್ಣೆದುರಿಗೆ, ಜೀಪಿನಲ್ಲಿ ಓಡಾಡಿದ ಮನುಷ್ಯನೊಬ್ಬ ಎಪ್ಪತ್ತೆಂಟು ಸಾವಿರ ಕೊಟ್ಟು ಮತ್ತೆ ಅದನ್ನೇ ಹತ್ತಿದರೆ ನಗದೆ ಇನ್ನೇನು ಮಾಡಿಯಾರು?

ಈ ನಡುವೆ ಮಾಮೂಲಿ ಸೈಕಲ್ಲು ಸದ್ದಿಲ್ಲದೆ ಹಿಂದೆ ಸರಿಯಿತು. 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ನಮ್ಮ ಸರ್ಕಾರದ ಯೋಜನೆ 2006-07ರಲ್ಲಿ ಆರಂಭವಾಗಿ, ಕೋವಿಡ್ ಬಂದಾಗ ನಿಂತಿತು. ದೂರದ ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳ ಸಾಲು ರಸ್ತೆಯಲ್ಲಿ ಕಾಣುತ್ತಿದ್ದ ವರ್ಷಗಳವು. 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು ಒಳ್ಳೆಯ ಕ್ರಮವೇ. ಆದರೆ ಸೈಕಲ್ಲು ಅಗ್ಗವಾದ ಮಾತ್ರಕ್ಕೆ ಅದನ್ನು ಓಡಿಸಲು ರಸ್ತೆಯಲ್ಲಿ ಜಾಗ ಹುಟ್ಟುವುದಿಲ್ಲ.

ಇದು ನನಗೆ ತಿಳಿದದ್ದು ಕಳೆದ ಸುಗ್ಗಿಯ ಕಾಲದಲ್ಲಿ. ಬೆಳಗಿನ ಏಳರ ಸುಮಾರಿಗೆ ಮುಗದದಿಂದ ಧಾರವಾಡದ ಕಡೆ ಹೊರಟಿದ್ದೆ. ಹಿಂದಿನಿಂದ ಬಂದ ಟಿಪ್ಪರೊಂದು ದೀರ್ಘವಾಗಿ ಹಾರ್ನ್ ಹೊಡೆದು, ಮೊಣಕೈ ಸವರುವಷ್ಟು ಹತ್ತಿರದಿಂದ ಹಾದುಹೋಯಿತು. ನಾನು ಡಾಂಬರಿನ ಅಂಚಿನಿಂದ ಗೇಣುದ್ದ ಕೆಳಗಿನ ಜಲ್ಲಿಗೆ ಜಾರಿ ಚರಂಡಿಯ ಪಾಲಾದೆ. ಟಿಪ್ಪರಿನ ಕಿಟಕಿಯಿಂದ ಕ್ಲೀನರ್ ಹುಡುಗ ತಲೆ ಹೊರಹಾಕಿ ನೋಡಿ ನಗುತ್ತಿದ್ದ. ಅವನನ್ನು ಏನೆಂದು ಬೈಯಲಿ? ಹಳದಿ ಅಂಗಿಯ, ಹೆಲ್ಮೆಟ್ಟಿನ ಮುದುಕನೊಬ್ಬ ಕಾಲು ಮೇಲಾಗಿ ಬಿದ್ದದ್ದು ನೋಡುವವರಿಗೆ ತಮಾಷೆಯಾಗಿಯೇ ಇದ್ದಿರಬೇಕು.

ನನ್ನನ್ನು ಎತ್ತಿದವರು ಸೈಕಲ್ಲಿನ ಎರಡೂ ಬದಿ ಕ್ಯಾನು ಕಟ್ಟಿಕೊಂಡು ಧಾರವಾಡಕ್ಕೆ ಹಾಲು ಒಯ್ಯುವ, ಹೆಚ್ಚುಕಡಿಮೆ ನನ್ನ ವಯಸ್ಸಿನ ಒಬ್ಬರು. ಏರಿನಲ್ಲಿ ಚಪ್ಪಲಿಗಾಲಿನಲ್ಲೇ ತುಳಿಯುತ್ತ, ಗೇರೇ ಇಲ್ಲದ ಸೈಕಲ್ಲಿನಲ್ಲಿ ನನ್ನನ್ನು ಹಿಂದೆ ಹಾಕಿ ಹಲವು ಬಾರಿ ನನ್ನ ಗರ್ವಭಂಗ ಮಾಡಿದವರು. ಮೊಣಕಾಲಿಗೆ ನೀರು ಸುರಿಯುತ್ತ ಅವರು ಹೇಳಿದ್ದು ಇಷ್ಟು: “ನಿಮಗ ಹಾರ್ನರ ಹೊಡದಾನ್ರಿ ಸಾಹೇಬ್ರ. ಬಣ್ಣದ ಅಂಗಿ ಕಂಡೈತಿ. ನಮಗ ಅದೂ ಇಲ್ಲ.” ಅವರ ಎಡ ಮುಂಗೈಯಲ್ಲಿ ಹಳೆಯ ಮುರಿತದ ಸೊಟ್ಟ ಗುರುತಿತ್ತು. ಅಲ್ಲಿಯವರೆಗೆ ನಾನದನ್ನು ಗಮನಿಸಿರಲಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ. ಅವರಲ್ಲಿ ಸೈಕಲ್ ಸವಾರರು ನಾಲ್ಕು ಸಾವಿರಕ್ಕೂ ಹೆಚ್ಚು. ಇವರಲ್ಲಿ ನನ್ನಂಥ ಹವ್ಯಾಸಿಗಳು ಬೆರಳೆಣಿಕೆಯಷ್ಟಿರಬಹುದು. ಹಾಗೊಬ್ಬರು ತೀರಿಕೊಂಡಾಗ ಗೆಳೆಯರು ಬಿಳಿ ಬಟ್ಟೆಯುಟ್ಟು ಮೌನ ಸವಾರಿ ನಡೆಸುತ್ತಾರೆ. ಉಳಿದವರದು ಪತ್ರಿಕೆಯ ಒಳಪುಟದಲ್ಲಿ ‘ಅಪರಿಚಿತ ವಾಹನ ಡಿಕ್ಕಿ, ಸೈಕಲ್ ಸವಾರ ಸಾವು’ ಎಂಬ ನಾಲ್ಕು ಸಾಲು. 2011ರ ಜನಗಣತಿಯಂತೆ, ಕೃಷಿ ಮತ್ತು ಗೃಹ ಕೈಗಾರಿಕೆ ಬಿಟ್ಟು ಬೇರೆ ದುಡಿಮೆಯಲ್ಲಿರುವವರಲ್ಲಿ ಸುಮಾರು ಶೇ 13ರಷ್ಟು ಮಂದಿ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಸೈಕಲ್ ಎಂದೊಡನೆ ನಮಗೆ ನೆನಪಾಗುವುದು ಮಾತ್ರ ಬಿಗಿ ಚಡ್ಡಿಯವನು. ನಗೆಯೆಲ್ಲ ಅವನ ಮೇಲೆ ಕಳೆದುಹೋಗುವುದರಿಂದ ಹಾಲಿನ ಕ್ಯಾನಿನವರ ಕಡೆ ಯಾರ ಕಣ್ಣೂ ಹೊರಳುವುದಿಲ್ಲ.

ಇಷ್ಟು ಬರೆದ ಮೇಲೆ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಸೇವೆಯಲ್ಲಿದ್ದಾಗ, ಬೇರೊಂದು ಜಿಲ್ಲೆಯಲ್ಲಿ, ರಸ್ತೆ ಅಗಲೀಕರಣದ ಅಂದಾಜು ಪಟ್ಟಿಯೊಂದು ನನ್ನ ಮೇಜಿಗೆ ಬಂದಿತ್ತು. ಎಂಜಿನಿಯರರು ಎರಡೂ ಬದಿಗೆ ಸೈಕಲ್ಲು, ಪಾದಚಾರಿಗಳಿಗೆಂದು ಡಾಂಬರಿನ ಅಂಚು ಸೇರಿಸಿದ್ದರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ಪಥಗಳ ವಿನ್ಯಾಸ ಪ್ರಕಟಿಸಿತ್ತೆಂಬುದೂ ಟಿಪ್ಪಣಿಯಲ್ಲಿತ್ತು. ವೆಚ್ಚ ಮಂಜೂರಾತಿ ಮೀರುತ್ತಿತ್ತು. ನಾನು ಬರೆದೆ: ‘ಸೈಕಲ್ ಸವಾರರ ಸಂಖ್ಯೆ ಕ್ಷೀಣಿಸುತ್ತಿರುವುದರಿಂದ ಈ ಬಾಬ್ತು ಅವಶ್ಯವಿಲ್ಲ. ಕೈಬಿಡುವುದು.’ ಎಣಿಸಿದವರು ಯಾರೂ ಇರಲಿಲ್ಲ. ನಾನಂತೂ ಜೀಪಿನ ಮುಂದಿನ ಸೀಟಿನಿಂದ ನೋಡಿ ನಿರ್ಧರಿಸಿದ್ದೆ. ಜಾಗ ಕೊಡದೆ ಸಂಖ್ಯೆ ಇಳಿಸಿ, ಸಂಖ್ಯೆ ಇಳಿದದ್ದನ್ನೇ ಜಾಗ ಕೊಡದಿರಲು ಕಾರಣವಾಗಿ ತೋರಿಸುವ ಈ ವಾದದಲ್ಲಿ ಎಂ.ಎ. ವಿದ್ಯಾರ್ಥಿಯೊಬ್ಬ ಸಿಕ್ಕಿಬಿದ್ದರೆ ನಪಾಸಾಗುತ್ತಿದ್ದ. ನನಗೆ ಬಡ್ತಿ ಸಿಕ್ಕಿತು.

ನಮ್ಮ ಭಾಗದ ಗ್ರಾಮೀಣ ರಸ್ತೆಗಳು ಮುಂದೆ ಅಗಲವಾಗಲಿವೆ, ಆಗಲೂಬೇಕು. ಆಗ ಒಂದೂವರೆ ಮೀಟರಿನ ಅಂಚು, ಡಾಂಬರಿಗೂ ಜಲ್ಲಿಗೂ ನಡುವಿನ ಗೇಣುದ್ದದ ಪ್ರಪಾತವಿಲ್ಲದಂತೆ, ಮೊದಲ ಅಂದಾಜಿನಲ್ಲೇ ಇರಲಿ. ಅದನ್ನು ಕೈಬಿಡಬೇಕೆಂದು ಬರೆಯುವ ಮುನ್ನ ಅಧಿಕಾರಿಗಳು ಒಂದು ಬೆಳಿಗ್ಗೆ ಐದರಿಂದ ಎಂಟರವರೆಗೆ ರಸ್ತೆಬದಿಯಲ್ಲಿ ನಿಂತು ಸೈಕಲ್ಲುಗಳನ್ನು ಎಣಿಸಲಿ. ಹಾಲಿನವರು, ಗೌಂಡಿಗಳು, ಶಾಲೆಯ ಮಕ್ಕಳು ಎಲ್ಲರೂ ಲೆಕ್ಕಕ್ಕೆ ಬರಲಿ. ಬಿಗಿ ಚಡ್ಡಿಯವರನ್ನು ಬೇಕಿದ್ದರೆ ಬಿಟ್ಟೇ ಎಣಿಸಲಿ.

ಗಾಯ ಮಾಯ್ದ ಮೇಲೆ ನಾನು ಮತ್ತೆ ಮುಗದಕ್ಕೆ ಹೋದೆ. ಹಾಲಿನವರ ಸಲಹೆಯಂತೆ ಹ್ಯಾಂಡಲ್ಲಿಗೆ ಅರವತ್ತು ರೂಪಾಯಿಯ ಹಿತ್ತಾಳೆಯ ಗಂಟೆ ಹಾಕಿಸಿದ್ದೆ. ಕಟ್ಟೆಯ ಮೇಲಿನವರು ಅದನ್ನು ಬಾರಿಸಿ ನೋಡಿ ಸಮಾಧಾನಪಟ್ಟರು. “ಈಗ ಒಂದ್ ಸಾಮಾನಾತು,” ಎಂದರು. “ಇನ್ನ ಸ್ಟ್ಯಾಂಡ್ ಯಾವಾಗ್ರಿ?”