ನಿಮಗಿದು ಗೊತ್ತೇ? ಜಾಗ ಅವರದು, ಅರ್ಜಿ ನಮ್ಮದು!

ಇಂಗ್ಲೆಂಡಿನಲ್ಲಿ ಪಕ್ಕದವರ ಹಿತ್ತಲಲ್ಲಿ ಮನೆ ಕಟ್ಟಲು ಅನುಮತಿ ಕೊಡಿ ಎಂದು ನೀವು ಅರ್ಜಿ ಹಾಕಬಹುದು! ಮಾಲೀಕರ ಒಪ್ಪಿಗೆ ಬೇಕಿಲ್ಲ, ನೋಟಿಸು ಕೊಟ್ಟರೆ ಸಾಕು. ಅನುಮತಿ ಸಿಕ್ಕಿತೆಂದು ಇಟ್ಟಿಗೆ ಇಳಿಸಲು ಹೋದಿರೋ, ಕೆಟ್ಟಿರಿ. ಜಾಗ ಇನ್ನೂ ಅವರದೇ.

ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ, ಜಗಳೂರಲ್ಲಿ ಈ ಆಟ ನಡೆಯದು. ಹೊಲದಲ್ಲಿ ಮನೆ ಕಟ್ಟಬೇಕಾದರೆ ಸಾಮಾನ್ಯವಾಗಿ ಭೂ ಪರಿವರ್ತನೆ ಆಗಬೇಕು (1964ರ ಭೂಕಂದಾಯ ಕಾಯ್ದೆ, ಕಲಂ 95). ಅದನ್ನು ಕೇಳಬೇಕಾದವರು ಪಹಣಿಯ 9ನೇ ಕಾಲಂನಲ್ಲಿ ಹೆಸರಿರುವವರು.

ಆದರೆ ಸರ್ಕಾರಿ ಜಮೀನಿನ ಲೆಕ್ಕವೇ ಬೇರೆ. ಮೊದಲು ನೇಗಿಲು, ಆಮೇಲೆ ಅರ್ಜಿ! ಅದೇ ಬಗರ್ ಹುಕುಂ. ಪಾರಸಿಯಿಂದ ಬಂದ ಈ ಮಾತಿಗೆ ‘ಅಪ್ಪಣೆಯಿಲ್ಲದೆ’ ಎಂದೇ ಅರ್ಥ. ಅಪ್ಪಣೆಯಿಲ್ಲದೆ ಉತ್ತಿದ್ದನ್ನು ಒಪ್ಪಿಕೊಂಡು ಅಪ್ಪಣೆ ಕೇಳುವ ಅರ್ಜಿ ಇದು. 1991ರಲ್ಲಿ ನಮೂನೆ 50, ತೊಂಬತ್ತರ ದಶಕದ ಕೊನೆಗೆ 53, 2018ರಲ್ಲಿ 57. ಮೊದಲೆರಡಕ್ಕೆ 14-4-1990ಕ್ಕೆ ಮುಂಚೆ ಉಳುತ್ತಿರಬೇಕಿತ್ತು. 57ಕ್ಕೆ 1-1-2005ಕ್ಕೆ ಮುಂಚೆ.

ಗರಿಷ್ಠ ಮಿತಿ 4 ಎಕರೆ 38 ಗುಂಟೆ. ಯಾಕೀ ವಿಚಿತ್ರ ಲೆಕ್ಕ? 2 ಹೆಕ್ಟೇರನ್ನು ಎಕರೆಗೆ ಇಳಿಸಿ ನೋಡಿ.

ನ್ಯಾಮತಿಯ ಮನೆಯೊಂದರ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ನಾಲ್ಕು ಮಡಿಕೆಯ ನಮೂನೆ 50ರ ಸ್ವೀಕೃತಿ ಇದೆ ಎನ್ನೋಣ. ಮಡಿಕೆ ಬಿಡಿಸಿದರೆ ಅದರ ಮೇಲಿರುವುದು ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ! 1997ರಲ್ಲಿ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ದಾವಣಗೆರೆಗೆ ಬಂದವು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಯಿತು. ಹೊಲ ಮಾತ್ರ ಅಲ್ಲೇ ಇದೆ, ಕಡತ ಊರೂರು ಅಲೆದಿದೆ.

ಅರ್ಜಿ ತೀರ್ಮಾನಿಸುವ ಸಮಿತಿಗೆ ಅಧ್ಯಕ್ಷರು ಸಾಮಾನ್ಯವಾಗಿ ಸ್ಥಳೀಯ ಶಾಸಕರು, ಕಾರ್ಯದರ್ಶಿ ತಹಶೀಲ್ದಾರ್. ಚುನಾವಣೆ ಹತ್ತಿರ ಬಂದಾಗ ಸಭೆಗೆ ಯಾಕೆ ಜೀವ ಬರುತ್ತದೆಂದು ಬೇರೆ ಹೇಳಬೇಕೆ? ಈಗ ಉಪಗ್ರಹ ಚಿತ್ರವೂ ಸಾಕ್ಷಿ: 2005ಕ್ಕೆ ಮುಂಚೆ ಅಲ್ಲಿ ಬೆಳೆಯಿತ್ತೋ ಬರೀ ಲಂಟಾನವೋ ಎಂದು ಆ್ಯಪ್ ಹಿಡಿದು ನೋಡುತ್ತಾರೆ.

ಕಾಡಿನ ಜಾಗಕ್ಕೆ ಬಗರ್ ಹುಕುಂ ಇಲ್ಲ. ಅಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ, ಅರ್ಜಿ ಶುರುವಾಗುವುದು ಗ್ರಾಮಸಭೆಯಲ್ಲಿ. ಪರಿಶಿಷ್ಟ ಪಂಗಡದವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಬದುಕಿದ್ದಕ್ಕೆ ಪುರಾವೆ ಬೇಕು. ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಹಾಗಾಗಿ ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುವ ಸೂರಗೊಂಡನಕೊಪ್ಪ ಇರುವ ಈ ನ್ಯಾಮತಿ ಸೀಮೆಯ ತಾಂಡಾದವರೂ ಅಜ್ಜನ ಕಾಲದ ಕಾಗದ ಹುಡುಕಬೇಕು!

ಮನೆಯಿದೆ, ಅಡಿಯ ಜಾಗ ಮಾತ್ರ ಇನ್ನೊಬ್ಬರ ಹೆಸರಲ್ಲಿದೆ. ತಾಂಡಾ, ಹಟ್ಟಿಗಳ ಹಳೇ ಗೋಳು ಇದು. ದಾಖಲೆಯಿಲ್ಲದ ಇಂಥ ಜನವಸತಿಗಳಿಗಾಗಿ 2017ರಲ್ಲಿ ಭೂ ಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿತು. ‘ವಾಸಿಸುವವನೇ ಮನೆಯೊಡೆಯ’ ಎಂಬ ಘೋಷಣೆಯೊಂದಿಗೆ ಅದನ್ನು ತಂದ ಕಂದಾಯ ಸಚಿವರು ಕಾಗೋಡು ತಿಮ್ಮಪ್ಪ. 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿ ಜೈಲು ಸೇರಿದ್ದು ಅವರ ಹೆಸರಿನಲ್ಲಿರುವ ಅದೇ ಕಾಗೋಡು ಹಳ್ಳಿಯಿಂದ.