ಭಾನುವಾರದ ಹಾಜರಿ

ಭಾನುವಾರ ಬೆಳಿಗ್ಗೆ ಮಾಮೂಲಿ ಶಾರ್ಟ್‌ವೇವ್ ರೇಡಿಯೊದ ಮುಳ್ಳನ್ನು ಏಳು ಮೆಗಾಹರ್ಟ್ಸ್ ಆಸುಪಾಸಿಗೆ ತಂದರೆ ಬಾತುಕೋಳಿ ಗೊಣಗಿದಂಥ ಸದ್ದು ಕೇಳುತ್ತದೆ. ಅದು ಮನುಷ್ಯರ ಮಾತೇ. ಹ್ಯಾಮ್‌ಗಳು (ಹವ್ಯಾಸಿ ರೇಡಿಯೊದವರು) ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ಪದ್ಧತಿಯನ್ನು ಬಿಡಿಸಿ ಕೇಳಿಸುವ ಏರ್ಪಾಡು ಮನೆಯ ರೇಡಿಯೊದಲ್ಲಿ ಇರುವುದಿಲ್ಲ, ಅಷ್ಟೆ. ಸರಿಯಾದ ಸೆಟ್ಟಿನ ಮುಂದೆ ಕುಳಿತರೆ ಅದೇ ಗೊಣಗಾಟ ತಿಳಿಯಾಗಿ, ಯಾರೋ ಹಾಜರಿ ಕರೆಯುತ್ತಿರುವುದು ಗೊತ್ತಾಗುತ್ತದೆ. ಕರೆಸಿಕೊಂಡವರು ತಮ್ಮ ಗುರುತಾದ ಕಾಲ್‌ಸೈನ್ ಹೇಳುತ್ತಾರೆ. ಊರಲ್ಲಿ ರಾತ್ರಿ ಮಳೆ ಬಂತೆಂದೋ, ಆಂಟೆನಾ ಕಟ್ಟಿದ ತೆಂಗಿನಮರದ ಗರಿ ಬಿದ್ದು ತಂತಿ ಹರಿಯಿತೆಂದೋ ಎರಡು ಮಾತಾಡಿ, ‘ಸೆವೆಂಟಿ ಥ್ರೀ’ ಎಂದು ಶುಭ ಕೋರಿ ಸರದಿಯನ್ನು ಮುಂದಿನವರಿಗೆ ಬಿಡುತ್ತಾರೆ. ಇದಕ್ಕೆ ಹ್ಯಾಮ್‌ಗಳ ಬಾಯಲ್ಲಿ ‘ನೆಟ್’ ಎಂದು ಹೆಸರು. ಹಾಜರಿ ಕರೆಯುವವರು ‘ನೆಟ್ ಕಂಟ್ರೋಲ್’.

ಮೊದಲ ಸಲ ಕೇಳಿದಾಗ ನನ್ನನ್ನು ಹಿಡಿದು ಕೂರಿಸಿದ್ದು ಮಾತುಗಳ ನಡುವಿನ ಬಿಡುವು. ಒಬ್ಬರು ‘ಓವರ್’ ಎಂದ ಮೇಲೆ ಎರಡು ಸೆಕೆಂಡು ಯಾರೂ ಮೈಕಿನ ಗುಂಡಿ ಒತ್ತುವುದಿಲ್ಲ. ಕಾರಣ ಸರಳ. ಎಲ್ಲರೂ ಇರುವುದು ಒಂದೇ ಫ್ರೀಕ್ವೆನ್ಸಿಯಲ್ಲಿ. ಮಾತಾಡುವಾಗ ಕೇಳಿಸದು, ಕೇಳುವಾಗ ಮಾತಾಡಲಾಗದು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರ ಮಾತೂ ಕೆಡುತ್ತದೆ. ಸಣ್ಣ ದನಿಯವರು, ತುರ್ತು ಇರುವವರು ನಡುವೆ ನುಸುಳಲಿ ಎಂದೇ ಆ ಬಿಡುವು. ಯಂತ್ರದ ಮಿತಿಯೊಂದು ಹೀಗೆ ಮಾತಿನ ಮರ್ಯಾದೆಯಾಗಿ ಬೆಳೆದಿದೆ.

ನೆಟ್ ಪದ್ಧತಿಯ ಬೇರು ಇರುವುದೂ ಒಂದು ಮಿತಿಯಲ್ಲೇ. 1914ರ ಏಪ್ರಿಲ್‌ನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ಹಿರಮ್ ಪರ್ಸಿ ಮ್ಯಾಕ್ಸಿಮ್ ಸುಮಾರು 30 ಮೈಲಿ ದೂರದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಇನ್ನೊಬ್ಬ ಹವ್ಯಾಸಿಗೆ ಸಂದೇಶ ಮುಟ್ಟಿಸಲು ಹೆಣಗುತ್ತಿದ್ದರು. ಅಂದಿನ ಕಿಡಿಯಂತ್ರದ ಸದ್ದು ಅಲ್ಲಿವರೆಗೆ ಹೋಗಲಿಲ್ಲ. ನಡುದಾರಿಯ ವಿಂಡ್ಸರ್ ಲಾಕ್ಸ್‌ನಲ್ಲಿ ಒಬ್ಬ ಹವ್ಯಾಸಿ ಇದ್ದಾನೆಂದು ನೆನಪಾಗಿ ಅವನ ಕೈಗೆ ಸಂದೇಶ ಕೊಟ್ಟರು. ಅವನು ಅದನ್ನು ಸ್ಪ್ರಿಂಗ್‌ಫೀಲ್ಡ್‌ಗೆ ದಾಟಿಸಿದ. ಊರಿಂದೂರಿಗೆ ಹೀಗೆ ಕೈ ಬದಲಾಯಿಸುತ್ತ ಹೋದರೆ ದೇಶವನ್ನೇ ದಾಟಬಹುದಲ್ಲ ಎಂದು ಮ್ಯಾಕ್ಸಿಮ್‌ಗೆ ಹೊಳೆಯಿತು. ಅದೇ ವರ್ಷ ಕ್ಲಾರೆನ್ಸ್ ಟಸ್ಕಾ ಜೊತೆಗೂಡಿ ಅವರು ಕಟ್ಟಿದ ಸಂಘವೇ ‘ಅಮೆರಿಕನ್ ರೇಡಿಯೊ ರಿಲೇ ಲೀಗ್’. ಮೆಷಿನ್ ಗನ್ ಕಂಡುಹಿಡಿದ ಹಿರಮ್ ಮ್ಯಾಕ್ಸಿಮ್‌ನ ಮಗ ಈ ಪರ್ಸಿ ಮ್ಯಾಕ್ಸಿಮ್. ಅಪ್ಪ ಗುಂಡಿನ ಮಳೆಗರೆಯುವ ಯಂತ್ರ ಮಾಡಿದ ಮನೆತನದಲ್ಲಿ ಮಗ ಅಕ್ಕಪಕ್ಕದ ಊರುಗಳ ದನಿಗಳನ್ನು ಹೆಣೆಯಲು ಕುಳಿತದ್ದು ನನಗೆ ಬಲು ಇಷ್ಟವಾದ ಸಂಗತಿ.

ಸಂದೇಶ ದಾಟಿಸಬೇಕಾದರೆ ದಾರಿಯಲ್ಲಿರುವವರೆಲ್ಲ ಇಂಥ ಹೊತ್ತಿಗೆ ಇಂಥ ಕಡೆ ಕಿವಿಗೊಟ್ಟು ಕೂತಿರಬೇಕು. ಹೊತ್ತು ಗೊತ್ತುಮಾಡಿ ಸೇರುವ ರೂಢಿ ಹೀಗೆ ಬಲಿಯಿತು. ಆಮೇಲೆ ನಡೆದದ್ದು ಇನ್ನೂ ಸೊಗಸು. 1912ರ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರಿಗಿಂತ ಕಿರಿದಾದ ತರಂಗಗಳಿಗೆ ತಳ್ಳಿತ್ತು. ಅವು ಕೆಲಸಕ್ಕೆ ಬಾರದವು ಎಂಬುದು ಆಗಿನ ನಂಬಿಕೆ. 1923ರ ನವೆಂಬರ್‌ನಲ್ಲಿ ಅದೇ ಕಿರುತರಂಗಗಳಲ್ಲಿ ಅಮೆರಿಕದ ಹವ್ಯಾಸಿಗಳು ಫ್ರಾನ್ಸಿನ ಲಿಯೋನ್ ದೆಲ್ವಾ ಜೊತೆ ಅಟ್ಲಾಂಟಿಕ್‌ನ ಆಚೀಚೆ ಸಂಭಾಷಣೆ ನಡೆಸಿಬಿಟ್ಟರು. ಸಾವಿರಾರು ಮೈಲಿ ನೇರವಾಗಿ ಮುಟ್ಟುವಾಗ ರಿಲೇ ಯಾಕೆ ಬೇಕು? ಆದರೂ ಸೇರುವ ರೂಢಿ ಉಳಿಯಿತು. ನನ್ನ ಲೆಕ್ಕದಲ್ಲಿ ಇಂದಿನ ಸ್ನೇಹದ ನೆಟ್ ಹುಟ್ಟಿದ್ದು ಆಗಲೇ, ದಾಟಿಸಲು ಸಂದೇಶವಿಲ್ಲದಿದ್ದರೂ ಜನ ಬಂದು ಕೂತಾಗ.

ನಮ್ಮಲ್ಲಿ ಅಮರೇಂದ್ರ ಚಂದ್ರ ಗುಪ್ತು ಅವರಿಗೆ 1921ರಲ್ಲಿ ಮೊದಲ ಪರವಾನಗಿ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಪರವಾನಗಿಗಳನ್ನೇ ರದ್ದು ಮಾಡಿತು. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ‘ಅಮೆಚೂರ್ ರೇಡಿಯೊ ಕ್ಲಬ್ ಆಫ್ ಇಂಡಿಯಾ’ ಆರಂಭವಾದದ್ದು ಮಧ್ಯಪ್ರದೇಶದ ಮ್ಹೌನಲ್ಲಿ, ಸೇನೆಯ ಸಿಗ್ನಲ್ಸ್ ಶಾಲೆ ಇದ್ದ ಊರಲ್ಲಿ. ನೆಟ್, ಕಂಟ್ರೋಲ್, ರೋಜರ್ ಇವೆಲ್ಲ ಸೈನ್ಯದ ಬಾಯಲ್ಲೂ ಪಳಗಿದ ಮಾತುಗಳು. ಸೆಟ್ಟು ಮಾತ್ರ ಬಹುಕಾಲ ಕೈಯಲ್ಲೇ ಕಟ್ಟಿಕೊಳ್ಳಬೇಕಿತ್ತು. 1984ರಲ್ಲಿ ಆಮದು ಸುಂಕ ಮನ್ನಾ ಆದ ಮೇಲೆ ಹ್ಯಾಮ್‌ಗಳ ಸಂಖ್ಯೆ ಏರಿತು. ಪ್ರಧಾನಿ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು.

ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದಕ್ಕೆ ಆಕಾಶದ ಕಾರಣವೂ ಇದೆ. ಬಿಸಿಲೇರಿದಂತೆ ಅಯಾನುಗೋಳದ ಕೆಳಪದರ ಏಳು ಮೆಗಾಹರ್ಟ್ಸ್ ತರಂಗವನ್ನು ಹೆಚ್ಚು ಹೆಚ್ಚು ಹೀರುತ್ತದೆ. ಬೆಳಿಗ್ಗೆ ಅದಿನ್ನೂ ತೆಳು. ತರಂಗ ಮೇಲಿನ ಪದರಕ್ಕೆ ತಾಗಿ ಕೆಲವು ನೂರು ಕಿಲೋಮೀಟರ್ ವ್ಯಾಪ್ತಿಯಲ್ಲಿ ಬಂದು ಇಳಿಯುತ್ತದೆ. ಎರಡು ತೆಂಗಿನಮರಗಳ ನಡುವೆ 20 ಮೀಟರ್ ತಂತಿ ಎಳೆದರೆ ಬೆಂಗಳೂರಿನ ಮಾತು ಹೈದರಾಬಾದಿಗೂ ಕೇರಳಕ್ಕೂ ಕೇಳಿಸಬಲ್ಲದು. ಒಂದೇ ಊರಿನವರಿಗೆ ಎರಡು ಮೀಟರ್ ಬ್ಯಾಂಡ್ ಸಾಕು. ಗುಡ್ಡದ ತುದಿಯಲ್ಲಿಟ್ಟ ರಿಪೀಟರ್ ಕೆಳಗಿನ ಕೈಸೆಟ್ಟುಗಳ ಮಾತನ್ನು ಹಿಡಿದು ಮರಳಿ ಬಿತ್ತುತ್ತದೆ. ಬೆಂಗಳೂರಿನ ಇಸ್ರೊ ಕೇಂದ್ರದಲ್ಲಿ ರೂಪುಗೊಂಡು 2005ರ ಮೇ 5ರಂದು ಕಕ್ಷೆ ಸೇರಿದ 42.5 ಕಿಲೋ ತೂಕದ ‘ಹ್ಯಾಮ್‌ಸ್ಯಾಟ್’ ಮಾಡಿದ್ದೂ ಇದನ್ನೇ, ಗುಡ್ಡದ ಬದಲು ಬಾಹ್ಯಾಕಾಶದಿಂದ.

ಇಷ್ಟೆಲ್ಲ ಕಟ್ಟಿಕೊಂಡು ಆಡುವುದು ಮಳೆ, ಮೊಮ್ಮಕ್ಕಳ ಮಾತೇ ಎಂದು ಕೆಲವರು ಕೇಳುತ್ತಾರೆ. ನಿಯಮವೇ ಹಾಗಿದೆ. ವ್ಯಾಪಾರದ ಮಾತು ಕೂಡದು. ಪ್ರಯೋಗಗಳ ತಾಂತ್ರಿಕ ವಿಚಾರ, ಜೊತೆಗೆ ದೂರವಾಣಿಗೆ ಒಯ್ಯುವಷ್ಟು ಮಹತ್ವವಿಲ್ಲದ ಸ್ವಂತ ಮಾತು, ಇಷ್ಟಕ್ಕೆ ಮಾತ್ರ ಅವಕಾಶ. ಮಹತ್ವವಿಲ್ಲದ ಮಾತಿಗೆ ಕಾನೂನೇ ಜಾಗ ಕೊಟ್ಟಿರುವ ತಾಣ ಬೇರೆಲ್ಲಿದೆ?

ಆ ಮಾತಿನಲ್ಲಿ ಪಳಗಿದ ಕಿವಿ ಏನು ಮಾಡಬಲ್ಲದು ಎಂಬುದು ಒಂದು ಭಾನುವಾರವೇ ತಿಳಿಯಿತು. 2004ರ ಡಿಸೆಂಬರ್ 26. ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಜಗತ್ತಿನ ಹ್ಯಾಮ್‌ಗಳೊಡನೆ ಮಾತಾಡಲೆಂದು ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಬೆಳಿಗ್ಗೆ 6.29ಕ್ಕೆ ಭೂಮಿ ನಡುಗಿತು, ಸುನಾಮಿ ಬಂತು, ದೂರವಾಣಿ ಸತ್ತಿತು. ಹವ್ಯಾಸಕ್ಕೆಂದು ಒಯ್ದ ಸೆಟ್ಟು ಅಂಡಮಾನನ್ನು ಮುಖ್ಯಭೂಮಿಗೆ ಜೋಡಿಸಿತು. ಯಾರು ಬದುಕಿದ್ದಾರೆ, ಎಲ್ಲಿದ್ದಾರೆ ಎಂಬ ಸುದ್ದಿ ಈಚೆ ದಡದ ಹ್ಯಾಮ್‌ಗಳ ಮೂಲಕ ಮನೆಗಳನ್ನು ಮುಟ್ಟಿತು. ಅಂದು ಬೇಕಾಗಿದ್ದದ್ದು ಸರದಿ ಕಾಯುವುದು, ಚುಟುಕಾಗಿ ಹೇಳುವುದು, ಕೇಳಿದ್ದನ್ನು ಬರೆದುಕೊಳ್ಳುವುದು. ವಾರವಾರದ ಹಾಜರಿ ಕಲಿಸುವುದೂ ಇದನ್ನೇ.

ನೆಟ್ ಮುಗಿಸುವ ಮುನ್ನ ಕಂಟ್ರೋಲ್ ಕೊನೆಯ ಸಲ ಕೇಳುತ್ತಾರೆ, ‘ಇನ್ನು ಯಾರಾದರೂ ಇದ್ದೀರಾ?’ ಒಮ್ಮೆ ಹಾಗೆ ಕೇಳಿದಾಗ ಕರಕರ ಸದ್ದು. ಅದರ ಅಡಿಯಲ್ಲಿ ಎಳೆಯಷ್ಟು ತೆಳುವಾದ ದನಿ. ಕೊನೆಯ ಅಕ್ಷರ ಮಾತ್ರ ಕಿವಿಗೆ ಬಿತ್ತು. ಕಂಟ್ರೋಲ್ ಮತ್ತೆ ಕರೆದರು, ಈ ಸಲ ಅದೂ ಇಲ್ಲ. ಎಲ್ಲರೂ ಗುಂಡಿಯಿಂದ ಬೆರಳು ತೆಗೆದು ಕಾದರು. ಆಗ ನಡುದಾರಿಯ ಊರಿನವರೊಬ್ಬರು ಹೇಳಿದರು: ‘ಸರ್, ನನಗೆ ಕೇಳಿಸ್ತಿದ್ದಾರೆ, ರಿಲೇ ಕೊಡ್ತೀನಿ. ಘಟ್ಟದಲ್ಲಿ ಮಳೆ ನಿಂತಿಲ್ಲವಂತೆ, ಕರೆಂಟಿಲ್ಲ, ಬ್ಯಾಟರಿ ಮೇಲಿದ್ದಾರೆ. ಎಲ್ಲರಿಗೂ ಸೆವೆಂಟಿ ಥ್ರೀ ಅಂದಿದ್ದಾರೆ.’