ತಾತನ ಸೈಕಲ್ ನಿಮ್ಮ ಕಾಲಿಗೆ ಸರಿಹೋಗುತ್ತಾ?

ಅಟ್ಲಾಸ್, ಹೀರೊ, ಹರ್ಕ್ಯುಲಿಸ್, ರ್‍ಯಾಲಿ... ಕೊಟ್ಟಿಗೆಯ ಮೂಲೆಯಲ್ಲಿ ದೂಳು ಹಿಡಿದಿದ್ದ ಕಪ್ಪು ಸೈಕಲ್‌ಗಳನ್ನು ಒರೆಸಿ, ಎಣ್ಣೆ ಬಿಟ್ಟು ಕಾಲೇಜಿಗೆ ತರುವವರು ನಮ್ಮ ಕ್ಯಾಂಪಸ್ಸಿನಲ್ಲೂ ಇದ್ದಾರೆ. ಬಸ್ಸಿನ ಕಾಸು ಉಳಿಯುತ್ತದೆ, ಫೋಟೊಗೂ ಚೆಂದ. ಆದರೆ ತಿಂಗಳು ತುಂಬುವಷ್ಟರಲ್ಲಿ ಮಂಡಿನೋವು ಅಂತ ಬಿಟ್ಟುಬಿಡುವವರೂ ಇದ್ದಾರೆ. ಹಾಸ್ಟೆಲ್ ಗೆಳೆಯನೊಬ್ಬ ತನ್ನ ತಾತನ ಸೈಕಲ್ಲನ್ನು ಗುಜರಿಗೆ ಹಾಕಲು ಹೊರಟಿದ್ದ. ಸೈಕಲ್ ಗಟ್ಟಿಮುಟ್ಟಾಗಿಯೇ ಇತ್ತು. ಸೀಟು ಮಾತ್ರ ಫ್ರೇಮಿಗೆ ಅಂಟಿಕೊಂಡಷ್ಟು ಕೆಳಗಿತ್ತು.

ಹಳೇ ಸೈಕಲ್ ಕೊಳ್ಳುವಾಗ ‘22 ಬೇಕಾ, 24 ಬೇಕಾ’ ಅಂತ ಕೇಳುತ್ತಾರೆ. ಇದು ಚಕ್ರದ ಅಳತೆಯಲ್ಲ. ಚಕ್ರ ಎರಡಕ್ಕೂ 28 ಇಂಚೇ. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟು ಇಳಿಯುವ ಪೈಪಿನ ತುದಿವರೆಗಿನ ಉದ್ದವೇ ಈ 22 ಅಥವಾ 24 ಇಂಚು. ಬಲೆಗೆ ಬೀಳದಿರಲು ಒಂದೇ ಪರೀಕ್ಷೆ ಸಾಕು: ಚಪ್ಪಲಿ ಹಾಕಿಕೊಂಡು, ಎರಡೂ ಪಾದ ನೆಲಕ್ಕೆ ಊರಿ, ಮುಂದಿನ ಬಾರ್‌ನ ಆಚೀಚೆ ಕಾಲು ಹಾಕಿ ನಿಲ್ಲಿ. ಬಾರ್‌ಗೂ ದೇಹಕ್ಕೂ ನಡುವೆ ಒಂದೆರಡು ಇಂಚು ಜಾಗ ಇರಬೇಕು. ಇಲ್ಲದಿದ್ದರೆ ಬಣ್ಣ ಎಷ್ಟೇ ಮಿನುಗಲಿ, ಬೆಲೆ ಎಷ್ಟೇ ಕಮ್ಮಿಯಿರಲಿ, ಬೇಡ. ಕಂಬಿ ಬ್ರೇಕು ಮಳೆಯಲ್ಲಿ ಹಿಡಿಯುವುದೇ ಅಷ್ಟಕ್ಕಷ್ಟೆ. ಟ್ರಾಫಿಕ್‌ನಲ್ಲಿ ದಢಕ್ಕನೆ ಇಳಿಯಬೇಕಾದಾಗ ಆ ಬಾರ್ ಎಲ್ಲಿಗೆ ಬಡಿಯುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಫ್ರೇಮನ್ನು ಯಾವ ಮೆಕ್ಯಾನಿಕ್ಕೂ ಕುಗ್ಗಿಸಿ ಕೊಡಲಾರ.

ಸೀಟಿನ ಕಥೆ ಹಾಗಲ್ಲ, ಒಂದು ಸ್ಪ್ಯಾನರ್ ಇದ್ದರೆ ಆಯಿತು. ಕೂತಲ್ಲೇ ಎರಡೂ ಕಾಲು ಪೂರ್ತಿ ನೆಲಕ್ಕೆ ತಾಗಬೇಕು ಅನ್ನುವುದು ನಮ್ಮ ಕಡೆಯ ಹಳೇ ನಂಬಿಕೆ. ಮಂಡಿ ಹಾಳಾಗುವುದೇ ಅದರಿಂದ. ಪ್ರತಿ ಸುತ್ತಿನಲ್ಲೂ ಕಾಲು ವಿಪರೀತ ಮಡಚಿ, ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ.

1967ರಲ್ಲಿ ಹ್ಯಾಮ್ಲೆ ಮತ್ತು ಥಾಮಸ್ ಎಂಬ ಸಂಶೋಧಕರು ಕೊಟ್ಟ ಲೆಕ್ಕ ಹೀಗಿದೆ: ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಯಿಂದ ನೆಲದವರೆಗೆ ಅಳೆಯಿರಿ. ಅದನ್ನು 1.09ರಿಂದ ಗುಣಿಸಿದರೆ, ಪೂರ್ತಿ ಕೆಳಗಿಳಿದ ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ. ನನ್ನ ಅಳತೆ 82 ಸೆಂ.ಮೀ., ಅಂದರೆ ಸುಮಾರು 89. ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿರುವ ಸೂತ್ರದಲ್ಲಿ 0.883ರಿಂದ ಗುಣಿಸಿ, ಪೆಡಲಿನ ಬದಲು ನಡುವಿನ ಅಚ್ಚಿನಿಂದ ಅಳೆಯಬೇಕು: 72.4. ಇದಕ್ಕೆ ಕ್ರ್ಯಾಂಕಿನ 16.5 ಸೇರಿಸಿದರೆ ಮತ್ತೆ ಅದೇ 89! ಇಂಟರ್ನಲ್ಸ್‌ನಲ್ಲಿ ಉತ್ತರ ತಾಳೆಯಾದಷ್ಟೇ ಖುಷಿಯಾಯಿತು ನನಗೆ.

ಕ್ಯಾಲ್ಕ್ಯುಲೇಟರ್ ಬೇಡವೆಂದರೆ ಹಿಮ್ಮಡಿ ಸಾಕು. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಬಳಸುವುದರಿಂದ ಮಂಡಿ ತಾನೇ ಸ್ವಲ್ಪ ಬಾಗುತ್ತದೆ. ಗೆಳೆಯನಿಗೆ ಹೀಗೆ ನಾಲ್ಕು ಬೆರಳು ಏರಿಸಿದೆವು, ದಿನಕ್ಕೆ ಒಂದೊಂದು ಬೆರಳಿನಂತೆ. ಮೊದಲ ದಿನ ಬಿದ್ದೇಬಿಡ್ತೀನಿ ಅಂತ ಬೈದ. ಈಗ ಅವನ ಸೈಕಲ್ಲನ್ನು ಎರವಲು ಕೇಳುವ ಸರದಿ ನಮ್ಮದು.

ತೀರಾ ಏರಿಸಿದರೂ ತೊಂದರೆಯೇ. ಸೊಂಟ ಆಚೀಚೆ ಓಲಾಡಿದರೆ, ಮಂಡಿಯ ಹಿಂಭಾಗ ಎಳೆದಂತಾದರೆ ಒಂದಿಷ್ಟು ಇಳಿಸಿ. ಸ್ಪ್ರಿಂಗ್ ಸೀಟು ಭಾರಕ್ಕೆ ತಗ್ಗುತ್ತದೆ. ಹಾಗಾಗಿ ನೀವು ಕೂತಿರುವಾಗ ಬೇರೆಯವರಿಂದ ಅಳತೆ ಮಾಡಿಸಿ. ಸೀಟಿನ ಪೈಪು ಕಡೇಪಕ್ಷ ಎರಡೂವರೆ ಇಂಚು ಫ್ರೇಮಿನೊಳಗೆ ಇರಲೇಬೇಕು. ತುಕ್ಕು ಹಿಡಿದು ಅಲ್ಲಾಡದಿದ್ದರೆ ಸುತ್ತಿಗೆ ಎತ್ತಬೇಡಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ಮನಿರಿ.